ರೊಟ್ಟಿಯ ನಂತರದ ಸಾಲು

ಎಲ್ಲರ ಜೊತೆಯೇ ಶುರುಮಾಡುತ್ತೇನೆ. ಸ್ವರ್ಗ, ನಾಮ, ರಾಜ್ಯ,
ದಿನದ ರೊಟ್ಟಿ. ಅಲ್ಲಿಯವರೆಗೆ ಗಂಟಲು ಸರಿಯಿರುತ್ತದೆ.
ರೊಟ್ಟಿ ದಾಟಿದ ಕೂಡಲೆ ಒಂದು ಸಾಲಿದೆಯಲ್ಲ,
ತಪ್ಪು ಮಾಡಿದವರನ್ನು ನಾವು ಮನ್ನಿಸಿದ ಹಾಗೆ ಎಂಬುದು,
ಅಲ್ಲಿ ತುಟಿ ಮುಚ್ಚಿ ಸೆರಗಿನ ತುದಿಯಲ್ಲಿ ಕನ್ನಡಕ ಒರೆಸುತ್ತೇನೆ.
ಶೋಧನೆಯ ಹೊತ್ತಿಗೆ ಮತ್ತೆ ಸೇರಿಕೊಳ್ಳುತ್ತೇನೆ,
ಓಡುವ ಬಸ್ಸಿಗೆ ಹಿಂದಿನ ಬಾಗಿಲಿನಿಂದ ಹತ್ತಿದ ಹಾಗೆ.

ವರ್ಕಾಡಿಯ ಇಗರ್ಜಿಯಲ್ಲಿ ಇದನ್ನು ಯಾರೂ ಗಮನಿಸಲಿಲ್ಲ,
ಮೂರನೇ ಕ್ಲಾಸಿನ ಜೆನಿಟಾಳ ಹೊರತು.
"ಟೀಚರ್, ಅದೊಂದು ನಿಮಗೆ ಬಾಯಿಪಾಠ ಬರೂದಿಲ್ವಾ?"

ಬರುತ್ತದೆ ಮಗೂ. ಮೂರು ಭಾಷೆಯಲ್ಲಿ ಬರುತ್ತದೆ.
ಅದೇ ತೊಂದರೆ.

ಆ ವರ್ಷ ತಪಸ್ಸುಕಾಲದಲ್ಲಿ
ತಲಪಾಡಿಯ ರಸ್ತೆಗೆ ಮಣ್ಣು ಸುರಿದರು.
ಅತ್ತ ಮಂಗಳೂರು, ಇವರ ಡಯಾಲಿಸಿಸ್ಸಿನ ನಾಲ್ಕನೇ ನಂಬರಿನ ಮಂಚ.
ಇತ್ತ ನಾವು. ಆಂಬುಲೆನ್ಸಿನ ಇಂಜಿನು ಚಾಲೂ.
ಇಜಿದೋರರ ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ.
ಕಾಗದ ತೋರಿಸಿದೆ. ಪೊಲೀಸಿನ ಹುಡುಗ ಮಾಸ್ಕಿನೊಳಗಿಂದ
"ಆರ್ಡರ್ ಇಲ್ಲಮ್ಮಾ" ಅಂದ. ಕನ್ನಡದಲ್ಲಿಯೇ ಅಂದ.
ಇಪ್ಪತ್ತೆರಡು ವರ್ಷ ನಾನು ಮಕ್ಕಳಿಗೆ ತಿದ್ದಿಸಿದ ಕನ್ನಡ,
ಮಲಯಾಳದ ಕಚೇರಿಗಳೆದುರು ಅರ್ಜಿ ಹಿಡಿದು ಉಳಿಸಿಕೊಂಡದ್ದು.
ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

ಎಲ್ಲರಿಗೂ ಹೇಳಿಕೊಂಡು ಬಂದ ಕಥೆ ಇಷ್ಟೆ.
ಹೇಳದ್ದು ಇನ್ನೊಂದಿದೆ.

ಅವರು ನೀರು ಕೇಳಿದರು.
ದಿನಕ್ಕೆ ಮುಕ್ಕಾಲು ಲೀಟರು ಎಂದು ಡಾಕ್ಟರು ಬರೆದ ಚೀಟಿ ನನ್ನ ಪರ್ಸಿನಲ್ಲಿ.
ಬಾಟಲಿ ನನ್ನ ಮಡಿಲಲ್ಲಿ, ತುಂಬಿ.
ಈಗ ಬಿಡುತ್ತಾರೆ, ಮೆಷಿನು ಸಿಗುತ್ತದೆ, ಅಲ್ಲಿತನಕ ತಡೀರಿ ಎಂದೆ.
ಕರ್ಚೀಫು ಒದ್ದೆ ಮಾಡಿ ತುಟಿಗೆ ಒತ್ತಿದೆ.
ಅದನ್ನೇ ಚೀಪಿದರು.
ಹನ್ನೊಂದೂಮುಕ್ಕಾಲಿಗೆ ಚೀಪುವುದು ನಿಂತಿತು.
ಮಣ್ಣಿನ ರಾಶಿಯ ಮೇಲೆ ಒಂದು ಕಾಗೆ
ಅತ್ತ ಹಾರಿತು, ಇತ್ತ ಬಂತು. ಅದಕ್ಕೆ ಯಾರ ಪಾಸೂ ಬೇಡ.

ಆಮೇಲೆ ವಿಗಾರರು ಬಂದರು. ಸಿಸ್ಟರು ನೊವೆನಾ ಪುಸ್ತಕ ಕೊಟ್ಟರು.
ದೇವರು ಕೈಬಿಡುವುದಿಲ್ಲ ಟೀಚರ್. ಹೌದು ಸಿಸ್ಟರ್. ಚಹಾ ಕೊಟ್ಟು ಕಳಿಸಿದೆ.
ರಾತ್ರಿ ಅಡುಗೆಮನೆಯಲ್ಲಿ ಅದೇ ಬಾಟಲಿಯ ಮುಚ್ಚಳ
ತೆರೆಯುವುದು, ಮುಚ್ಚುವುದು.
ನಿದ್ದೆಮಾತ್ರೆ ಅರ್ಧವಿದ್ದದ್ದು ಒಂದಾಯಿತು.

ಈ ಸಲದ ಶುಭಶುಕ್ರವಾರ, ಮೂರು ಗಂಟೆಯ ಸೆಕೆ, ಕರೆಂಟಿಲ್ಲ.
ಯಾತನೆಯ ವಾಚನ. ಯಾರದೋ ಗಂಡುದನಿ, ನೆಗಡಿ ಹಿಡಿದದ್ದು,
ನನಗೆ ದಾಹವಾಗಿದೆ ಎಂದಿತು.
ವರ್ಷವರ್ಷ ಕೇಳಿದ್ದೇ. ಮುಂದಿನದನ್ನು ಮಾತ್ರ ಕೇಳಿಯೇ ಇರಲಿಲ್ಲ:
ಒಂದು ಸ್ಪಂಜು ಅದ್ದಿ, ಕೋಲಿಗೆ ಸಿಕ್ಕಿಸಿ, ತುಟಿಗೆ ಹಿಡಿದರಂತೆ.
ಅಷ್ಟೆ. ಅದೂ ಹುಳಿ.
ಮದುವೆಮನೆಯ ಕಲ್ಲುಬಾನಿ ಆರನ್ನೂ ತುಂಬಿಸಿದ್ದವನಿಗೆ
ಒಂದು ಗ್ಲಾಸು ನೀರು ಸಿಗಲಿಲ್ಲ.

ತಲೆಯೆತ್ತಿದೆ. ಶಿಲುಬೆಗೆ ಇನ್ನೂ ನೇರಳೆ ಬಟ್ಟೆ ಮುಚ್ಚಿತ್ತು.
ಮುಖ ಕಾಣಲಿಲ್ಲ, ಒಳ್ಳೆಯದೇ ಆಯಿತು.
ಬಟ್ಟೆಯೊಳಗಿಂದ ಅವನು ಏನೂ ಹೇಳಲಿಲ್ಲ.
ಒದ್ದೆಬಟ್ಟೆಯ ರುಚಿ ಬಲ್ಲವರು ಇಬ್ಬರು,
ಇಬ್ಬರೂ ನನ್ನ ಮನೆಯ ಒಂದೇ ಗೋಡೆಯಲ್ಲಿದ್ದಾರೆ,
ಐದು ವರ್ಷದಿಂದ ಅಕ್ಕಪಕ್ಕ ತೂಗುತ್ತಿದ್ದಾರೆ,
ನಾನು ದೂಳು ಮಾತ್ರ ಒರೆಸಿದ್ದೆ.

ಅತ್ತೆ. ಚಂದಕ್ಕಲ್ಲ, ಮೂಗು ಸುರಿಯುವ ಹಾಗೆ.
ಜೆನಿಟಾ ತನ್ನ ಕರ್ಚೀಫು ಕೊಟ್ಟಳು.
ಅದರಲ್ಲಿ ಉಪ್ಪು ಹಚ್ಚಿದ ಮಾವಿನಕಾಯಿಯ ವಾಸನೆ.

ಎಲ್ಲ ಗುಣವಾಯಿತು ಅಂತಲ್ಲ.
ಮಾತ್ರೆ ಮತ್ತೆ ಅರ್ಧಕ್ಕೆ ಇಳಿದಿದೆ.
ನಿನ್ನೆ ಮಂಗಳೂರು ಬಸ್ಸು ತಲಪಾಡಿಯಲ್ಲಿ ನಿಂತಾಗ ನೋಡಿದರೆ
ಆ ಜಾಗದಲ್ಲಿ ಯಾರೋ ಬೊಂಡ ರಾಶಿ ಹಾಕಿದ್ದಾರೆ.
ಇಳಿದೆ. ಬಸ್ಸು ಹೋದರೆ ಹೋಗಲಿ.
ಒಂದು ಕೆತ್ತಿಸಿ, ಸ್ಟ್ರಾ ಬೇಡವೆಂದು, ಕುತ್ತಿಗೆಗೆಲ್ಲ ಚೆಲ್ಲಿಕೊಂಡು
ಪೂರ್ತಿ ಕುಡಿದೆ.

ಖಾಕಿಯ ಹುಡುಗನೊಬ್ಬ ಲಾರಿಗಳಿಗೆ ಕೈ ಬೀಸುತ್ತಿದ್ದ.
ಅವನಲ್ಲ. ಅವನೇ ಇರಬಹುದು. ಆವತ್ತು ಕಂಡದ್ದು ಕಣ್ಣು ಮಾತ್ರ.
ಆ ಸಾಲು ನಾಲಿಗೆಯ ಬುಡಕ್ಕೆ ಬಂತು.
'ನಾವು' ಎಂಬಲ್ಲಿಯವರೆಗೆ ಹೇಳಿದೆ, ಅಷ್ಟರಲ್ಲಿ
ಬೊಂಡದವ ಚಿಲ್ಲರೆ ಕೇಳಿದ.