ಅಲುಗಬೇಡಿ

ನಲವತ್ತು ವರ್ಷ ವಾಸ್ಕೋದ ಸ್ಟುಡಿಯೋದಲ್ಲಿ
ನಾನು ಅತಿ ಹೆಚ್ಚು ಆಡಿದ ಮಾತು ಇದೊಂದೇ.
ಹಡಗಿಗೆ ಹೊರಟ ಹುಡುಗರಿಗೆ, ಹಾಲ್ಹಲ್ಲಿನ ಕೂಸುಗಳಿಗೆ,
ವರನ ಕಡೆಯವರಿಗೆ ಕಳಿಸುವ ಫೋಟೋಕ್ಕೆ ಬಂದು ಬೆವರುವ ಹೆಣ್ಣುಮಕ್ಕಳಿಗೆ:
ಗದ್ದ ಸ್ವಲ್ಪ ಕೆಳಗೆ. ಹಾಂ. ಅಲುಗಬೇಡಿ.

ಈಗ ಅದನ್ನೇ ನನ್ನ ಬಲಗೈಗೆ ಹೇಳುತ್ತೇನೆ.
ಕೇಳುವುದಿಲ್ಲ.
ಚಹಾ ತಾನಾಗಿ ಬಸಿಗೆ ಇಳಿಯುತ್ತದೆ.
ಅಂಗಿಯ ಗುಂಡಿ ಹಾಕುವವಳು ಇಂದುಮತಿ.
ಬ್ಯಾಂಕಿನವರು ನನ್ನ ಸಹಿಯನ್ನು ನಂಬುವುದು ಬಿಟ್ಟಿದ್ದಾರೆ,
ಪಾಸ್‌ಬುಕ್ಕಿನ ಫೋಟೋ ಮಾತ್ರ ನಂಬುತ್ತಾರೆ.
ಅದನ್ನು ತೆಗೆದದ್ದೂ ಇದೇ ಕೈ.

ರಿಮೋಟು ತಂದುಕೊಟ್ಟವಳು ತಂಗಿಯ ಮಗಳು ಮೃದುಲಾ.
"ಮಾಮಾ, ಇನ್ನ ನೀ ಕ್ಯಾಮೆರಾ ಮುಟ್ಟೂದ ಬ್ಯಾಡ."
ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಒಂದೇ ಗುಂಡಿ.
ಅರ್ಧ ಒತ್ತಿದರೆ ಹಸಿರು, ಪೂರ್ತಿ ಒತ್ತಿದರೆ ಕೆಂಪು.
ಅದರ ಜೋಡಿ ಕ್ಯಾಮೆರಾದ ನೆತ್ತಿಯ ಮೇಲೆ
ಎಮ್ಮೆಯ ಬೆನ್ನಿನ ಕಾಜಾಣದಂತೆ ಕೂರುತ್ತದೆ,
ಇಪ್ಪತ್ತು ಹೆಜ್ಜೆ ಆಚೆಯಿಂದ ಕರೆದರೂ ಓಗೊಡುತ್ತದೆ.

ಮೊದಲು ತಂತಿಯಿತ್ತು ನನ್ನ ಬಳಿ, ಗೇಣುದ್ದದ್ದು,
ತುದಿಯಲ್ಲಿ ಸಿರಿಂಜಿನಂಥ ಒತ್ತು.
ಕೈಯ ನರವೊಂದು ಕ್ಯಾಮೆರಾದ ಒಳಗೆ ಹರಿದ ಹಾಗೆ.
ಈಗ ನಡುವೆ ಏನೂ ಇಲ್ಲ.
ಉಪ್ಪುಗಾಳಿ, ಒಣಸಿಗಡಿಯ ವಾಸನೆ.

ರಿಬಂದರಿನ ದಕ್ಕೆ, ಕತ್ತಲಾದ ಮೇಲೆ.
ಒಂದು ಕಾಲಿಗೆ ಸೈಕಲ್ ಟ್ಯೂಬು ಸುತ್ತಿದ ಟ್ರೈಪಾಡು.
ಪಕ್ಕದಲ್ಲಿ ಕುಸ್ತೋದಿಯೊ,
ಇಪ್ಪತ್ತಾರು ವರ್ಷ ಚೊರಾವೊದ ಫೆರಿ ನಡೆಸಿದವ,
ಈಗ ನನ್ನ ಟಾರ್ಚು ಹಿಡಿಯುವವ.
ಒಮ್ಮೆ ಒತ್ತಿದರೆ ಕ್ಯಾಮೆರಾ ಕಣ್ಣು ತೆರೆಯಬೇಕು,
ಮತ್ತೊಮ್ಮೆ ಒತ್ತಿದರೆ ಮುಚ್ಚಬೇಕು, ಹಾಗೆ ಹೊಂದಿಸಿಟ್ಟಿದ್ದೆ.
ಫೆರಿ ಆಚೆ ದಡ ಬಿಟ್ಟು ಈಚೆ ದಡ ಮುಟ್ಟುವ ತನಕ
ಬೆಳಕಿನದೊಂದೇ ಗೆರೆ, ಕಡಿಯದೆ,
ಇಷ್ಟೇ ನನ್ನ ಆಸೆ.

ಒತ್ತಿದೆ.
ಹೆಬ್ಬೆರಳು ತನ್ನ ಪಾಡಿಗೆ ಎರಡು ಸಲ ಒತ್ತಿತ್ತು.
ತೆರೆದ ಕಣ್ಣು ಅಲ್ಲೇ ಮುಚ್ಚಿತು.
ಪರದೆಯ ಮೇಲೆ ಸೇದಿ ಎಸೆದ ಬೀಡಿಯಷ್ಟು ಬೆಳಕು.
"ಎಂಜಿನ್ ಬಂದ್," ಅಂದ ಕುಸ್ತೋದಿಯೊ, ನಕ್ಕ, ಕೆಮ್ಮಿದ.

ಆಗ ನೆನಪಾದ ಒಬ್ಬ. ಹೆಸರು ಮರೆತಿದೆ.
ಒಂಬತ್ತು ತಿಂಗಳು ಸಮುದ್ರದಲ್ಲಿದ್ದು
ಅದೇ ಬೆಳಿಗ್ಗೆ ಹಡಗಿಳಿದು ಬಂದವ,
ನನ್ನ ಸ್ಟೂಲಿನ ಮೇಲೆ ಕೂತು ತೂಗುತ್ತಲೇ ಇದ್ದ.
ನೆಲ ಅಲುಗ್ತಿದೆ ಸಾರ್, ನಾನಲ್ಲ, ಅಂದ.
ಕುಡಿದು ಬಂದೆಯಾ ಅಂತ ಗದರಿದೆ,
ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿದೆ.
ಆಗ ಈ ಕೈಗಳು ಗೂಟ.

ಮರುಸಲ ರಿಮೋಟನ್ನು ಕುಸ್ತೋದಿಯೊನ ಕೈಗಿಟ್ಟೆ.
"ಈಗ?"
"ತಡಿ. ಹಗ್ಗ ಬಿಚ್ಚಲಿ. ಈಗ."
ಒತ್ತಿದ, ಚುಕ್ಕಾಣಿ ಹಿಡಿದವರಂತೆ ಕಾಲಗಲಿಸಿ ನಿಂತು.
ಆರು ನಿಮಿಷ ಇಬ್ಬರೂ ತುಟಿ ಬಿಚ್ಚಲಿಲ್ಲ,
ಮಾತು ತಾಗಿ ಕ್ಯಾಮೆರಾ ಅಲುಗೀತೆಂಬ ಹಾಗೆ.
ಬಂದ ಗೆರೆ ಉದ್ದಕ್ಕಿತ್ತು, ನೇರವಿರಲಿಲ್ಲ.
ಥೇಟು ನನ್ನ ಸಹಿ, ಬ್ಯಾಂಕಿನವರು ಒಪ್ಪದ್ದು.
ಕುಸ್ತೋದಿಯೊ ಕನ್ನಡಕ ಹಣೆಗೇರಿಸಿ ನೋಡಿದ:
"ನಡುವಲ್ಲಿ ಸೆಳೆತ ಉಂಟು. ನನ್ನ ಕಾಲದಲ್ಲೂ ಹೀಗೇ."

ಕಡೆಯ ಬಸ್ಸು. ತೊಡೆಯ ಮೇಲೆ ಚೀಲ,
ಜೇಬಿನಲ್ಲಿ ರಿಮೋಟು, ಅದರ ಮೇಲೆ ಕೈ.
ಕ್ಯಾಮೆರಾ ಆರಿಸಿರಲಿಲ್ಲ.
ಝುವಾರಿ ಸೇತುವೆ ಹತ್ತುವಾಗ ಕೇಳಿಸಿತು
ಚೀಲದ ಒಳಗೆ ಕ್ಲಿಕ್.
ತುಸು ಬಿಟ್ಟು ಇನ್ನೊಂದು.
ಪಕ್ಕದ ಸೀಟಿನ ಹೆಂಗಸು ಒಮ್ಮೆ ಚೀಲ ನೋಡಿದಳು, ಒಮ್ಮೆ ನನ್ನನ್ನು.
ಕೈ ತೆಗೆಯಬಹುದಿತ್ತು. ತೆಗೆಯಲಿಲ್ಲ.

ಎಲ್ಲ ಕಪ್ಪು ಫೋಟೋಗಳು, ಕಾರ್ಡಿನಲ್ಲಿ ಇನ್ನೂ ಇವೆ.
ಇಂದುಮತಿ ಎಣಿಸಿದಳು, ಹನ್ನೊಂದು.
ಒಂದೂ ಅಲುಗಿಲ್ಲ.