ಚುಕ್ಕಿಗೆರೆ

ಲೀಡ್ಸ್, ಎಂಬತ್ಮೂರರ ನವೆಂಬರ್, ನಾಲ್ಕು ಗಂಟೆಗೇ ಕತ್ತಲು.
ಮೊದಲ ದಿನವೇ ಹೇಳಿದಳು ಡೊರೀನ್ ಹ್ಯಾಟರ್ಸ್ಲಿ:
"ಇಲ್ಲಿ ನಿನ್ನ ಬೆರಳೇ ನಿನಗೆ ಶತ್ರು.
ಬರಿಗೈ ತಾಗಿದರೆ ಸಾಕು, ಆರ್‌ಎನ್‌ಎ ಚೂರುಚೂರು.
ಮಾತಾಡುವುದಿದ್ದರೆ ಆ ಕಡೆ ತಿರುಗಿ ಮಾತಾಡು."

ನಕ್ಕೆ. ಮಡಿಯೆಂದರೇನೆಂದು
ಯಾರೂ ನನಗೆ ಕಲಿಸಬೇಕಿರಲಿಲ್ಲ.
ಬೇರೆ ಬಾಟಲಿ, ಬೇರೆ ನೀರು, ಬೇರೆ ಕಪಾಟು.
ಹುಬ್ಬಳ್ಳಿಯ ಅಡುಗೆಮನೆಯಲ್ಲಿ ಬಿಟ್ಟುಬಂದೆನೆಂದುಕೊಂಡದ್ದು
ಮೂರನೆಯ ಮಹಡಿಯ ಶೀತಕೋಣೆಯಲ್ಲಿ
ಕೈಗವಸು ತೊಟ್ಟು ನನಗಾಗಿ ಕಾದಿತ್ತು.

ನೀರಜಾಕ್ಷಿ ಅವಳ ನಾಲಗೆಯಲ್ಲಿ ಹೊರಳಲಿಲ್ಲ.
"ನೀರು" ಎಂದಳು. ಹಾಗೇ ಉಳಿಯಿತು.

ಒಂದು ಪ್ರೋಟೀನು, ಅದು ಅಪ್ಪಿಕೊಂಡ ಒಂದು ತುಣುಕು ಆರ್‌ಎನ್‌ಎ.
ಎಲ್ಲಿ ಹಿಡಿಯುತ್ತದೆ, ಯಾಕೆ ಬಿಡುತ್ತದೆ:
ಇಷ್ಟೇ ಅವಳ ಜೀವಮಾನದ ಪ್ರಶ್ನೆ.
ಮೊದಲು ಹರಳು ಬೆಳೆಯಬೇಕು. ಬೆಳೆಯಲಿಲ್ಲ.
ಉಪ್ಪು ಬದಲಿಸಿದೆವು, ಹುಳಿ ಬದಲಿಸಿದೆವು,
ಗಾಜಿಗೆ ತಲೆಕೆಳಗಾಗಿ ನೇತುಬಿದ್ದ
ಸಾವಿರದ ಇನ್ನೂರು ಹನಿಗಳಲ್ಲಿ
ಕೆನೆ, ಗಸಿ, ಕೆಸರು.
ನಾಲ್ಕನೆಯ ವರ್ಷ, ಬಾಯ್ಲರ್ ಕೆಟ್ಟ ಒಂದು ವಾರ,
ಮರೆತೇಹೋಗಿದ್ದ ತಟ್ಟೆಯ ಮೂಲೆಯಲ್ಲಿ
ಕಲ್ಲುಸಕ್ಕರೆಯ ಚೂರಿನ ಹಾಗೊಂದು,
ಅಲ್ಲ, ಇನ್ನೂ ಸಣ್ಣದು,
ಸಾಸಿವೆಯ ಮೊಮ್ಮಗಳು.

ಥರ್ಮಾಸನ್ನು ತೊಡೆಯ ಮೇಲಿಟ್ಟುಕೊಂಡು ರೈಲು ಹತ್ತಿದೆವು,
ಡೇರ್ಸ್‌ಬರಿಯ ಎಕ್ಸ್-ರೇ ಕಿರಣಕ್ಕೆ.
"ಬುತ್ತಿಯೋ?" ಎಂದ ಟಿಕೆಟ್ ನೋಡುವವನು.
"ನಾಲ್ಕು ವರ್ಷ" ಎಂದಳು ಡೊರೀನ್.

ಬೆಳಗಿನ ಮೂರಕ್ಕೆ ಕತ್ತಲಕೋಣೆಯಲ್ಲಿ
ತೊಳೆದ ಫಿಲ್ಮು ಎತ್ತಿ ಹಿಡಿದರೆ
ಚುಕ್ಕಿ. ಚುಕ್ಕಿ. ಅಂಚಿನ ತನಕ ಚುಕ್ಕಿ.
ಯಾರೋ ರಂಗೋಲಿಗೆಂದು ಇಟ್ಟು ಎದ್ದುಹೋಗಿದ್ದರು.
ಗೆರೆ ಎಳೆಯುವುದು ನಮ್ಮ ಪಾಡು.

ಎಳೆಯಲು ಎರಡು ವರ್ಷ ಹಿಡಿಯಿತು.
ಇನ್ನೂರ ಆರು ಕೊಂಡಿಗಳಲ್ಲಿ
ನೂರ ತೊಂಬತ್ತೈದು ಸಿಕ್ಕವು.
ಹನ್ನೊಂದು ಇಲ್ಲ.
ಆರ್‌ಎನ್‌ಎಯ ಕುಣಿಕೆಗೆ ಸರಿಯಾಗಿ ಎದುರು,
ಎಲ್ಲಿ ಇರಲೇಬೇಕೋ ಅಲ್ಲೇ, ಮಂಜು.

"ಅಂದಾಜಿಗೊಂದು ಬಳುಕು ಹಾಕಿಬಿಡು" ಎಂದರು ದೊಡ್ಡವರು,
"ಯಾರು ನೋಡುತ್ತಾರೆ?"
ಅವಳ ಅಮ್ಮ ಬ್ಯಾಟ್ಲಿಯ ಉಣ್ಣೆಗಿರಣಿಯಲ್ಲಿ
ಬಟ್ಟೆಯ ಮೇಲೆ ಬೆರಳಾಡಿಸಿ ತೂತು ಹುಡುಕುತ್ತಿದ್ದವಳು.
ಸಿಕ್ಕಲ್ಲಿ ಸೀಮೆಸುಣ್ಣದ ಗುರುತು.
ಗುರುತು ತಪ್ಪಿದರೆ ಅರ್ಧ ದಿನದ ಕೂಲಿ ಖೋತಾ.
ಮಗಳು ಹನ್ನೊಂದರ ಜಾಗಕ್ಕೆ ಚುಕ್ಕಿಗೆರೆ ಎಳೆದಳು.
ಪತ್ರಿಕೆ ಎರಡು ಸಲ ವಾಪಸು ಕಳಿಸಿತು.
ಎರಡು ಸಲವೂ ಅದೇ ಚುಕ್ಕಿಗೆರೆ ಮರಳಿ ಹೋಯಿತು.

ಆಮೇಲಿನದು ಹೇಳಲು ಹೆಚ್ಚಿಲ್ಲ.
ಅನುದಾನ ನಿಂತಿತು, ಬಂತು, ನಿಂತಿತು.
ಪ್ರತಿ ಬೇಸಿಗೆ ಹೊಸ ಹರಳು, ಹಳೆಯ ಮಂಜು.
ಡೇರ್ಸ್‌ಬರಿಯ ಕಿರಣವನ್ನೇ ಆರಿಸಿದರು.
ನನಗೆ ಚಾಳೀಸು ಬಂತು, ಅವಳಿಗೆ ನಿವೃತ್ತಿ.
ಅವಳು ಮಾತ್ರ ಗುರುವಾರ ಗುರುವಾರ ಬರುತ್ತಲೇ ಇದ್ದಳು,
ಕೋಟಿನ ಕಿಸೆಯಲ್ಲಿ ಸೇಬು.

ಅಂಥ ಒಂದು ಗುರುವಾರ ಅಬೆನಾ ಎಂಬ ಹುಡುಗಿ,
ಹರಳಿನ ಗೊಡವೆಯೇ ಬೇಡವೆಂದು
ಹನಿಯನ್ನು ಇದ್ದಹಾಗೇ ಹೆಪ್ಪುಗಟ್ಟಿಸಿ
ಎಲೆಕ್ಟ್ರಾನಿಗೆ ಒಡ್ಡಿದವಳು,
ಪರದೆ ತಿರುಗಿಸಿ ತೋರಿಸಿದಳು.
ಹನ್ನೊಂದೂ ಇದ್ದವು.
ಮೂರು ಕಡೆ ಇದ್ದವು, ಮೂರೂ ಕಡೆ ಮಸುಕಾಗಿ:
ಒಮ್ಮೆ ಕುಣಿಕೆಯನ್ನು ಹಿಡಿದು, ಒಮ್ಮೆ ಬಿಟ್ಟು,
ಒಮ್ಮೆ ಹಿಡಿಯಲೋ ಬೇಡವೋ ಎಂದು ನಡುವೆ.
ಇಲ್ಲದೇ ಇರಲಿಲ್ಲ ಅವು. ನಿಂತಿರಲಿಲ್ಲ, ಅಷ್ಟೇ.

ಡೊರೀನ್ ಬಹಳ ಹೊತ್ತು ನೋಡಿದಳು. ಸೇಬು ಕಚ್ಚಿದಳು.
"ನಾಲ್ಕನೆಯದೂ ಇರಬಹುದು, ಹುಡುಕಿದೆಯಾ?"

ಆಕೃತಿ ಮುಗಿದ ಮೇಲೆ ಕೊನೆಯಲ್ಲಿ ನೀರಿನ ಅಣು ಇಡುವುದು ವಾಡಿಕೆ.
ಸಂದುಸಂದಿನಲ್ಲಿ ಸಣ್ಣ ಕೆಂಪು ಚುಕ್ಕಿಗಳು.
ಮೂವತ್ಮೂರು ವರ್ಷ ಅದು ನನ್ನದೇ ಕೆಲಸ.
ಅಂದು ಇಡುತ್ತಾ, ಯಾಕೋ, ಹೇಳಿಬಿಟ್ಟೆ
ನೀನು ಕರೆಯುವ ನನ್ನ ಹೆಸರಿಗೆ ನನ್ನ ಭಾಷೆಯಲ್ಲಿ ಇದೇ ಅರ್ಥವೆಂದು.

"ಈಗ ಹೇಳುತ್ತೀಯಾ!" ಎಂದು ಹೆಗಲಿಗೆ ಗುದ್ದಿದಳು.
ಆಮೇಲೆ ಬಗ್ಗಿ, ಕನ್ನಡಕ ಸರಿಮಾಡಿ,
ಮಡಿಯಿಲ್ಲದ, ಸೇಬಿನ ಅಂಟಿನ ಬರಿಬೆರಳನ್ನು
ಒಂದು ಕೆಂಪು ಚುಕ್ಕಿಯ ಮೇಲೆ ಒತ್ತಿಟ್ಟಳು.
"ಇದಕ್ಕೆ ಆಧಾರ ಸಾಲದು, ನೀರು. ತೆಗೆ."

ತೆಗೆದೆ.