ಹದಿನೇಳು ಮೆಣಸು

ನಾಲ್ಕು ದಿನವಾಯಿತು ನಾವು ಮಾತು ಬಿಟ್ಟು.
ದೋಣಿಯ ಎಂಜಿನ್ನು ಬಿಚ್ಚಿ
ಚಿಕ್ಕಪ್ಪನ ಮಗ ಪೊರ್ಫಿರಿಯೊನಿಗೆ ಕೊಟ್ಟುಬಿಟ್ಟಿದ್ದಾನೆ ಈ ಮಹಾರಾಯ,
ನನ್ನನ್ನೊಂದು ಮಾತು ಕೇಳದೆ.
ಕೇಳಿದ್ದರೆ ಬೇಡ ಅನ್ನುತ್ತಿದ್ದೆ; ಅದು ಅವನಿಗೂ ಗೊತ್ತು.

ಇವತ್ತು ತಬಾಕೊ ಪೇಟೆಯಲ್ಲಿ ಮಾರದೆ ಉಳಿದದ್ದು
ಒಂದು ಕಿಲೋ ಸಿಗಡಿ, ಇನ್ನೂ ಮೀಸೆ ಆಡಿಸುತ್ತಿದ್ದವು.
ಮಂಜುಗಡ್ಡೆ ಸುರಿದು ನಾಳೆಗೆ ಇಡಬಹುದಿತ್ತು.
ಇಡಲಿಲ್ಲ.
ಬಯ್ಯುವುದಕ್ಕೆ ಬಾಯಿಯೇ ಆಗಬೇಕೆಂದು ಯಾರು ಹೇಳಿದರು?

ಹಿತ್ತಿಲಲ್ಲಿ ಸೂಜಿಮೆಣಸಿನ ಗಿಡ.
ಚಂಡಮಾರುತ ಬರುತ್ತದೆಂದರೆ ಬಿಕೋಲಿನವರು ನಾವು
ಮೊದಲು ಅದಕ್ಕೆ ಗೋಣಿ ಹೊದಿಸಿ
ಆಮೇಲೆ ಸೂರಿಗೆ ಹಗ್ಗ ಬಿಗಿಯುವವರು.
ದಿನದ ಅಡುಗೆಗೆ ಐದು ಮೆಣಸು. ಅಮ್ಮನ ಕೈಯಲ್ಲಿ ಹತ್ತು.
ಇವತ್ತು ಎಣಿಸಿ ಎಣಿಸಿ ಹದಿನೇಳು ಕಿತ್ತೆ,
ಆಕಾಶಕ್ಕೆ ಮುಖ ಮಾಡಿ ನಿಂತ ಕೆಂಪನೆಯವು,
ಕಿರುಬೆರಳ ಉಗುರಿನಷ್ಟಿದ್ದು ಊರು ಸುಡುವಂಥವು.

ಅವನು ಇಲೋಯಿಲೊ ಕಡೆಯವನು, ಬೆಲ್ಲದ ಬಾಯಿ.
ಮದುವೆಯಾದ ಮೊದಲ ವಾರ
ನಮ್ಮಮ್ಮ ಬಸಿಲಿಸಾಳ ಅಡುಗೆ ಉಂಡು
ಬಾವಿಕಟ್ಟೆಯಲ್ಲಿ ಬಗ್ಗಿ ನಾಲಿಗೆ ತೊಳೆದವನು.
ಇಪ್ಪತ್ತಾರು ವರ್ಷಕ್ಕೆ ಐದರ ತನಕ ಬಂದಿದ್ದಾನೆ.
ಇವತ್ತು ಹದಿನೇಳಕ್ಕೆ ಒಂದೇ ಜಿಗಿತ.

ಕಾಯಿ ಒಡೆದಿಟ್ಟು ಬೆಳ್ಳುಳ್ಳಿ ಸುಲಿಯುತ್ತಿದ್ದೆ.
ಹಿಂದೆ ಕರಕರ ಸದ್ದು.
ತಿರುಗಿದರೆ, ತುರಿಮಣೆಯ ಮೇಲೆ ಕೂತಿದ್ದಾನೆ.
ನಮ್ಮಲ್ಲಿ ಅದಕ್ಕೆ ಕುದುರೆ ಅನ್ನುತ್ತಾರೆ.
ಎಲ್ಲಿಗೂ ಹೋಗದ ಕುದುರೆ ಹತ್ತಿ
ತಲೆ ತಗ್ಗಿಸಿ ತುರಿಯುತ್ತಿದ್ದಾನೆ, ಎಂಜಿನ್ನಿಲ್ಲದ ಗಂಡಸು.

ನಗು ಬಂತು. ನುಂಗಿದೆ.

ಮೊದಲ ಹಾಲು ಬೇರೆ, ಎರಡನೆಯದು ಬೇರೆ.
ತೆಳು ಹಾಲಿಗೆ ಶುಂಠಿ, ಬೆಳ್ಳುಳ್ಳಿ, ಜಜ್ಜಿದ ನಿಂಬೆಹುಲ್ಲು.
ಸಿಗಡಿಯ ತಲೆಗಳನ್ನು ಒಂದೊಂದಾಗಿ
ಪೊರ್ಫಿರಿಯೊ ಎಂದು ಹೆಸರಿಟ್ಟು ಕಲ್ಲಲ್ಲಿ ಕುಟ್ಟಿದೆ;
ಹಿಂಡಿದರೆ ಕಿತ್ತಳೆ ಬಣ್ಣದ ರಸ.
ಮೆಣಸು ಬಿತ್ತು. ಘಾಟೆದ್ದು
ಪಕ್ಕದ ಒರಾಸಿಯೊನ ಮಗು ಸೀನಿತು, ಅವರ ನಾಯಿ ಸೀನಿತು,
ದೂರದ ಮಯೋನ್ ಬೆಟ್ಟ
ಮೋಡದ ಸೆರಗಿನಲ್ಲಿ ಮೂಗು ಮುಚ್ಚಿಕೊಂಡಿತು.

ಗಟ್ಟಿ ಹಾಲು ಕೊನೆಗೆ.
ಹಾಲು ಒಡೆದರೆ ಕೆಟ್ಟಿತು ಅನ್ನುತ್ತಾರೆ ಬೇರೆ ಕಡೆ.
ನಮ್ಮಲ್ಲಿ ಒಡೆಯಬೇಕು.
ಒಡೆದು, ಅಂಚಿನಲ್ಲಿ ಎಣ್ಣೆ ಬಿಟ್ಟು,
ಬಾಣಲೆ ತಾನೇ ಗೊಣಗುವ ತನಕ ಕೈ ಹಾಕಬೇಡ ಅನ್ನುತ್ತಿದ್ದಳು ಅಮ್ಮ.
ಸಿಗಡಿ ಆಮೇಲೆ. ಬಾಲ ಸುರುಟಿತೋ, ಇಳಿಸು;
ಇನ್ನೊಂದು ಕ್ಷಣ ಬೆಂದರೆ ರಬ್ಬರು.

ಬಡಿಸಿದೆ. ಎದುರು ಕೂತು ನೋಡಿದೆ.
ಮೊದಲ ತುತ್ತಿಗೆ ಕಿವಿ ಕೆಂಪಾಯಿತು,
ಎರಡನೆಯದಕ್ಕೆ ಬೋಳುನೆತ್ತಿ ಬೆವರಿತು,
ಮೂರನೆಯದಕ್ಕೆ ಬಿಕ್ಕಳಿಕೆ.
ನೀರಿನ ಹೂಜಿ ನನ್ನ ಕಡೆಗಿತ್ತು. ಕೇಳಲಿ ಎಂದು ಕಾದೆ.
ಅವನು ಮೂಗೊರೆಸಿಕೊಂಡು
ನಾಲ್ಕು ದಿನದ ಮೇಲೆ ಬಾಯಿ ಬಿಟ್ಟ:
"ಉಪ್ಪು ಹಾಕಿಲ್ಲ."

ಮೈಯೆಲ್ಲ ಉರಿದುಹೋಯಿತು ನನಗೆ.
ಒಂದು ಸಿಗಡಿ ಬಾಯಿಗಿಟ್ಟೆ.
ಹಾಕಿರಲಿಲ್ಲ.
ಮೆಣಸು ಎಣಿಸುವ ಭರದಲ್ಲಿ
ಉಪ್ಪಿನ ಕಡೆ ಕೈ ಹೋಗಿರಲೇ ಇಲ್ಲ.

ಎದ್ದು, ಹುದುಗಿಸಿದ ಸಿಗಡಿಮರಿಯ ಗೊಜ್ಜಿನ ಭರಣಿ ತಂದು ಕುಕ್ಕಿದೆ.
ಒಂದು ಚಮಚ ನನ್ನ ತಟ್ಟೆಗೆ ಹಾಕಿ
ಆಮೇಲೆ ತನಗೆ ಹಾಕಿಕೊಂಡ.
ಹೂಜಿಯನ್ನು ಮಧ್ಯಕ್ಕೆ ಸರಿಸಿದೆ, ಪೂರ್ತಿ ಅವನ ಕಡೆಗಲ್ಲ.
ಎಂಜಿನ್ನಿನ ಸುದ್ದಿ ಅವನು ಎತ್ತಲಿಲ್ಲ.
ಈ ಸಿಗಡಿ ಬೆಳಿಗ್ಗೆ ಪೊರ್ಫಿರಿಯೊನ ಬುಟ್ಟಿಯಿಂದಲೇ ಕೊಂಡದ್ದು ಎಂದು
ನಾನೂ ಹೇಳಲಿಲ್ಲ.

ರಾತ್ರಿ. ಮೂರು ಸಲ ಸೋಪು ಹಾಕಿ ಕೈ ತೊಳೆದಿದ್ದೆ.
ಆದರೂ, ಮರೆತು, ಕಣ್ಣುಜ್ಜಿಕೊಂಡೆ.
ಅಯ್ಯಯ್ಯೋ ಎಂದು ಎದ್ದು ಕೂತರೆ
ಅವನು ಗೋಡೆಯ ಕಡೆ ತಿರುಗಿ ನಿದ್ದೆ ಹೋಗಿದ್ದ,
ಉಸಿರು ಬಿಗಿಹಿಡಿದು.
ಮಂಚ ಮಾತ್ರ ಅಲುಗುತ್ತಿತ್ತು.